ಎಲ್ಲ ಬಿಳಿಸೆರಗಿಗೂ ಒಂದೇ ಮುಲಾಮು ಸಲ್ಲದು
ಬಿಳಿಸೆರಗು, ತುರಿಕೆ ಎರಡೂ ಇದ್ದರೆ ಔಷಧದಂಗಡಿಯ ಕ್ಲೋಟ್ರಿಮಜೋಲ್ (ಶಿಲೀಂಧ್ರ ಸೋಂಕಿನ ಮುಲಾಮು) ಸಾಕೆಂದು ಲೇಖನವೊಂದು ಕೊಟ್ಟ ಸಲಹೆ ಅರ್ಧ ಮಾತ್ರ ಸರಿ. ಒಡೆದ ಹಾಲಿನಂಥ, ವಾಸನೆಯಿಲ್ಲದ ಸ್ರಾವವೂ ತೀವ್ರ ತುರಿಕೆಯೂ ಸಾಮಾನ್ಯವಾಗಿ ಶಿಲೀಂಧ್ರ ಸೋಂಕಿನ ಲಕ್ಷಣಗಳು. ಆದರೆ ಸ್ರಾವವು ತೆಳುವಾಗಿ ಬೂದುಬಣ್ಣಕ್ಕಿದ್ದು, ಸಂಭೋಗದ ನಂತರ ಮೀನಿನ ವಾಸನೆ ಹೆಚ್ಚುತ್ತಿದ್ದರೆ ಅದು ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪಿದ್ದರಿಂದ ಆಗಿರುವ ಸಾಧ್ಯತೆಯೇ ಹೆಚ್ಚು, ಅದಕ್ಕೆ ಮೆಟ್ರೊನಿಡಜೋಲ್‌ನಂಥ ಬೇರೆಯೇ ಔಷಧ ಬೇಕು. ನೊರೆನೊರೆಯಾದ ಹಳದಿ-ಹಸಿರು ಸ್ರಾವಕ್ಕೆ ಸಂಭೋಗದಿಂದ ಹರಡುವ ಟ್ರೈಕೊಮೊನಾಸ್ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಕಾರಣವೆಂದು ಪರೀಕ್ಷೆಯಲ್ಲಿ ತಿಳಿದರೆ ಗಂಡನಿಗೂ ಚಿಕಿತ್ಸೆ ಆಗಲೇಬೇಕು (ನಮ್ಮ ಮನೆಗಳಲ್ಲಿ ತಪ್ಪಿಹೋಗುವುದು ಇದೇ). ಆಂಟಿಸೆಪ್ಟಿಕ್ ದ್ರಾವಣದಿಂದ ಒಳಭಾಗ ತೊಳೆಯುವುದು ಹಾನಿಕರ. ಗರ್ಭಿಣಿಯರು, ಮಧುಮೇಹಿಗಳು, ಕಿಬ್ಬೊಟ್ಟೆ ನೋವು ಅಥವಾ ಜ್ವರವಿರುವವರು, ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡವರು ಮುಲಾಮನ್ನು ನೆಚ್ಚಿ ಕೂರದೆ ವೈದ್ಯರನ್ನು ಕಾಣಬೇಕು; ಜಿಲ್ಲಾ ಆಸ್ಪತ್ರೆಗಳಲ್ಲಿ ಲೈಂಗಿಕ ಹಾಗೂ ಜನನಾಂಗದ ಸೋಂಕುಗಳಿಗಾಗಿ ಇರುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಈ ಚಿಕಿತ್ಸೆ ಉಚಿತ.