ಕಾಗೆ ಕಾಯುವ ಕೆಲಸಕ್ಕೆ ಹದಿನೈದು ದಿನದ ರಜೆ

ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ನಾನು ನಮ್ಮ ಮನೆಯ ಜಗಲಿಯ ಅಂಚಿನಲ್ಲಿ ಉದ್ದನೆಯ ಕೋಲು ಹಿಡಿದು ಕುಳಿತಿದ್ದೆ. ಎದುರಿಗೆ ಅಂಗಳದಲ್ಲಿ ಐದು ಚಾಪೆ, ಚಾಪೆಗಳ ಮೇಲೆ 180 ಹಲಸಿನ ಹಪ್ಪಳ, ಪಕ್ಕದ ಮಾವಿನ ಮರದಲ್ಲಿ ನಾಲ್ಕು ಕಾಗೆ. ಅಷ್ಟರಲ್ಲಿ ಬೆಂಗಳೂರಿನಿಂದ ಗೆಳತಿಯ ಕರೆ ಬಂತು. "ಮೇ ತಿಂಗಳಲ್ಲಿ ಯಾರಾದರೂ ಉಡುಪಿಗೆ ಹೋಗುತ್ತಾರಾ? ಆ ಸೆಕೆಯಲ್ಲಿ ಏನು ಮಾಡುತ್ತಿದ್ದೀಯ?" ಎಂದು ಕೇಳಿದಳು. "ಕಾಗೆ ಕಾಯುತ್ತಿದ್ದೇನೆ" ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ನಾನು ನಿಜವನ್ನೇ ಹೇಳಿದ್ದೆ. ವರ್ಷವಿಡೀ ಕೂಡಿಟ್ಟ ರಜೆಯಲ್ಲಿ ಹದಿನೈದು ದಿನವನ್ನು ನಾನು ಇದಕ್ಕೇ ಎತ್ತಿಟ್ಟಿದ್ದೆ.

ಕರಾವಳಿಯ ಮಳೆಗಾಲವನ್ನು ಹೊಗಳುವವರಿಗೆ ಲೆಕ್ಕವಿಲ್ಲ. ಜೂನ್ ಬಂದರೆ ಸಾಕು, ಎಲ್ಲರ ಮೊಬೈಲಿನಲ್ಲೂ ಹಸಿರು ಗದ್ದೆ, ಸೋರುವ ಹಂಚಿನ ಮಾಡು, ಹೊಗೆಯಾಡುವ ಚಹಾ. ನನಗೂ ಮಳೆ ಇಷ್ಟ. ಆದರೆ ಅದಕ್ಕೂ ಮುಂಚಿನ ಈ ಎರಡು ವಾರಗಳ ಪರವಾಗಿ ಮಾತನಾಡುವವರು ಬಹಳ ಕಡಿಮೆ. "ಒಮ್ಮೆ ಮಳೆ ಬರಲಿ ಮಾರಾಯ್ತಿ" ಎಂದು ಎಲ್ಲರೂ ಈ ದಿನಗಳನ್ನು ಬಸ್ ನಿಲ್ದಾಣದಲ್ಲಿ ಕಳೆಯುವ ಹೊತ್ತಿನಂತೆ ಕಳೆದುಬಿಡುತ್ತಾರೆ. ನನ್ನನ್ನು ಕೇಳಿದರೆ ವರ್ಷದಲ್ಲಿ ನಮ್ಮೂರು ಅತ್ಯಂತ ಚುರುಕಾಗಿರುವುದು, ಅತ್ಯಂತ ರುಚಿಯಾಗಿರುವುದು ಈಗಲೇ.

ಹೋದ ವರ್ಷ ಇದು ಕೈತಪ್ಪಿತು. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಅದು ಮೇ 24ಕ್ಕೇ ಬಂದುಬಿಟ್ಟಿತು. ನಮ್ಮಲ್ಲಂತೂ ಅದಕ್ಕಿಂತ ಮುಂಚೆಯೇ ಆಕಾಶ ಕೆಟ್ಟಿತ್ತು. ನಾನು ಮೇ ಕೊನೆಯ ವಾರಕ್ಕೆ ರಜೆ ಹಾಕಿ ಬಂದು ನೋಡಿದರೆ ಅಂಗಳದಲ್ಲಿ ಆಗಲೇ ನೀರು ಹರಿಯುತ್ತಿತ್ತು. ಅರ್ಧ ಒಣಗಿದ ಹಪ್ಪಳಗಳನ್ನು ಅಜ್ಜಿ ಒಲೆಯ ಮೇಲಿನ ಅಟ್ಟದಲ್ಲಿ ಹರಡಿದ್ದರು. ಅವಕ್ಕೆ ಹೊಗೆಯ ವಾಸನೆ ಹತ್ತಿ, ಅಂಚಿಗೆ ಬೂಷ್ಟು ಹಿಡಿದಿತ್ತು. ಜೋರು ಮಳೆಯ ಆಟಿ ತಿಂಗಳಲ್ಲಿ ಮನೆಗೆ ಬಂದಾಗ ಅಜ್ಜಿ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಕೈಹಾಕಿ, ಎರಡೇ ಎರಡು ಹಪ್ಪಳ ಹೊರತೆಗೆದರು. ಮೊದಲೆಲ್ಲ ಅದೇ ಡಬ್ಬಿಯಿಂದ ಹಿಡಿ ತುಂಬ ಬರುತ್ತಿತ್ತು. ಆ ದಿನವೇ ತೀರ್ಮಾನಿಸಿದೆ, ಮುಂದಿನ ವರ್ಷ ಮಳೆಗಿಂತ ಮೊದಲು ನಾನು ಊರು ಮುಟ್ಟಬೇಕು. ಹಾಗಾಗಿ ಈ ಸಲ ಮೇ 13ರ ಬೆಳಿಗ್ಗೆಯೇ ಬಸ್ಸಿಳಿದೆ.

ಹಲಸಿನ ಹಪ್ಪಳ ಮಾಡುವುದನ್ನು ನೋಡದವರಿಗೆ ಅದೊಂದು ಸಣ್ಣ ತಿಂಡಿ. ನೋಡಿದವರಿಗೆ ಅದು ಎರಡು ದಿನದ ಮದುವೆ ಮನೆ. ಹಣ್ಣಾದ ಹಲಸು ಹಪ್ಪಳಕ್ಕೆ ಆಗದು, ಎಳೆಯದೂ ಆಗದು. ಚೆನ್ನಾಗಿ ಬಲಿತು, ಇನ್ನೇನು ಹಣ್ಣಾಗಬೇಕು ಎನ್ನುವಾಗ ಇಳಿಸಬೇಕು. ಅಜ್ಜಿ ಮರದಡಿ ನಿಂತು ಕಾಯಿಯ ಮುಳ್ಳು ಎಷ್ಟು ಅಗಲಕ್ಕೆ ಬಿಚ್ಚಿಕೊಂಡಿದೆ ಎಂದು ನೋಡುತ್ತಾರೆ, ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾರೆ. ನಾನೂ ಈ ಸಲ ತಟ್ಟಿ ತಟ್ಟಿ ಆ ಸದ್ದು ಕಲಿತೆ. ಎಳೆಯ ಕಾಯಿ ಟಣ್ ಎನ್ನುತ್ತದೆ, ಬಲಿತದ್ದು ಒಳಗಿನಿಂದ ಯಾರೋ ಹೂಂಗುಟ್ಟಿದಂತೆ ಕೇಳಿಸುತ್ತದೆ. ಆಮೇಲೆ ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡು ಕುಳಿತರೆ ಮಯಣದ, ಅಂದರೆ ಹಲಸಿನ ಅಂಟಿನ ಜೊತೆ ಗುದ್ದಾಟ. ಸೊಳೆ ಬಿಡಿಸಿ, ಬೀಜ ಬೇರೆ ಮಾಡಿ, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಜೀರಿಗೆ, ಇಂಗು ಹಾಕಿ ನೀರಿಲ್ಲದೆ ರುಬ್ಬಬೇಕು. ಲಿಂಬೆ ಗಾತ್ರದ ಉಂಡೆ ಕಟ್ಟುವುದು ಅಮ್ಮ, ಮಣೆಯಡಿ ಒತ್ತುವುದು ಚಿಕ್ಕಮ್ಮ, ಒತ್ತಿದ್ದನ್ನು ಹರಿಯದಂತೆ ಎತ್ತಿ ಚಾಪೆಗೆ ಹಾಕುವುದು ನಾನು. ನಡುನಡುವೆ ಆ ಹಿಟ್ಟಿಗೆ ತೆಂಗಿನೆಣ್ಣೆ ಬೆರೆಸಿ ಕಾಯಿತುರಿಯ ಜೊತೆ ತಿನ್ನುವುದೂ ಕೆಲಸದ ಒಂದು ಭಾಗವೇ. ಇಪ್ಪತ್ತು ಉಂಡೆಗೊಮ್ಮೆ ಒಂದು ಉಂಡೆ ಬಾಯಿಗೆ ಎಂಬುದು ನಾವು ಮಕ್ಕಳೆಲ್ಲ ಸೇರಿ ಎಂದೋ ಮಾಡಿಕೊಂಡ ಕಾನೂನು. ಅಜ್ಜಿ ಅದನ್ನು ಇವತ್ತಿಗೂ ರದ್ದು ಮಾಡಿಲ್ಲ.

ಮೊದಲ ದಿನದ ಬಿಸಿಲಿಗೆ ಹಪ್ಪಳದ ಮೇಲ್ಮೈ ಬಿಗಿಯುತ್ತದೆ. ಎರಡನೆಯ ದಿನ ತಿರುವಿ ಹಾಕಬೇಕು. ಮೂರನೆಯ ದಿನ ಎತ್ತಿ ಹಿಡಿದರೆ ಗರಗರ ಸದ್ದು ಬರಬೇಕು. ಆ ಸದ್ದು ಬರುವವರೆಗೆ ಕಾಗೆ ಕಾಯುವವರು ಜಗಲಿ ಬಿಟ್ಟು ಏಳುವ ಹಾಗಿಲ್ಲ. ಮಳೆಗಾಲದ ಚಿತ್ರಗಳಲ್ಲಿ ಗಂಜಿಯ ಪಕ್ಕ ಒಂದು ಹಪ್ಪಳ ಕಂಡಾಗಲೆಲ್ಲ ನಾನು ನೋಡುವುದು ಈ ಮೂರು ದಿನದ ಬಿಸಿಲನ್ನೇ. ಆಟಿಯಲ್ಲಿ ಬೆಚ್ಚಗೆ ಕುಳಿತು ತಿನ್ನುವುದೆಲ್ಲ ಬೇಸಗೆಯ ಬೇಶ ತಿಂಗಳಲ್ಲಿ ಬೆವರಿದವರ ಕೈಯಿಂದ ಬಂದದ್ದು. ಮಳೆಯನ್ನು ಹಾಡಿ ಹೊಗಳುವವರು ಮೇ ತಿಂಗಳಿಗೂ ಒಂದೆರಡು ಸಾಲು ಮೀಸಲಿಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಬೆಳಗಿನ ಹೊತ್ತು ಬೇರೆಯೇ ಗಡಿಬಿಡಿ. ರಾತ್ರಿ ಗಾಳಿ ಬೀಸಿದರೆ ಕಾಟುಮಾವು ಉದುರುತ್ತದೆ. ಕಾಟುಮಾವು ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಿಂಬೆಗಿಂತ ಸ್ವಲ್ಪ ದೊಡ್ಡದು, ಮುಕ್ಕಾಲು ಪಾಲು ಗೊರಟು, ಉಳಿದ ಕಾಲು ಪಾಲಿನಲ್ಲಿ ಪರಿಮಳ, ಹುಳಿ, ಸಿಹಿ, ನಾರು ಎಲ್ಲವೂ. ಒಂದು ಮರದ ಹಣ್ಣಿನ ರುಚಿ ಇನ್ನೊಂದು ಮರದಲ್ಲಿಲ್ಲ. ನಮ್ಮ ಹಿತ್ತಿಲಿನ ಮರ ಬೇಲಿಯ ಆಚೆಗೂ ಬಾಗಿದೆ, ಹಾಗಾಗಿ ಆಚೆ ಬಿದ್ದದ್ದು ಆಚೆಮನೆಯವರಿಗೆ, ಈಚೆ ಬಿದ್ದದ್ದು ನಮಗೆ. ಚಿಕ್ಕಮ್ಮನ ಮಗ ಈ ವರ್ಷ ಆರನೆಯ ತರಗತಿಗೆ ಹೋಗುವವನು. ಅವನು ಐದೂವರೆಗೆ ನನ್ನ ಹೊದಿಕೆ ಎಳೆದು "ಅಕ್ಕಾ, ಗಾಳಿ ಬಂದಿತ್ತು" ಎನ್ನುತ್ತಾನೆ. ಬೆಂಗಳೂರಿನಲ್ಲಿ ಮೂರು ಸಲ ಅಲಾರಾಂ ಹೊಡೆದರೂ ಏಳದವಳು ಆ ಮೂರು ಪದಕ್ಕೆ ಎದ್ದು ಬುಟ್ಟಿ ಹಿಡಿಯುತ್ತೇನೆ. ಮಧ್ಯಾಹ್ನ ಆ ಹಣ್ಣುಗಳಿಗೆ ಬೆಲ್ಲ, ಹಸಿಮೆಣಸು ಹಾಕಿ ಅಮ್ಮ ಗೊಜ್ಜು ಮಾಡಿದರೆ ಊಟದ ಎಲೆಯ ಮುಂದೆ ಯಾರೂ ಮಾತನಾಡುವುದಿಲ್ಲ. ಎಲ್ಲರ ಬಾಯಲ್ಲೂ ಗೊರಟು.

ಬಂದ ಮರುದಿನವೇ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗಿಬಂದೆವು. ಮೇ ನಡುವಿಗೆ ಮಲ್ಪೆಯಿಂದ ದ್ವೀಪದ ದೋಣಿ ನಿಂತುಬಿಡುತ್ತದೆ, ಆಮೇಲೆ ಸೆಪ್ಟೆಂಬರ್‌ವರೆಗೆ ಅದನ್ನು ದೂರದಿಂದ ನೋಡುವುದಷ್ಟೇ. ಅಲ್ಲಿ ಮರಳಿಗಿಂತ ಹೆಚ್ಚಾಗಿ ಕಾಲಿಗೆ ಸಿಗುವುದು ಕಪ್ಪೆಚಿಪ್ಪು. ಅದರ ಪಕ್ಕದಲ್ಲೇ ಯಾರೋ ಉಳಿ ಹಿಡಿದು ಕೆತ್ತಿ ಜೋಡಿಸಿದಂತಿರುವ ಕಲ್ಲಿನ ಕಂಬಗಳು. ಲಾವಾ ತಣ್ಣಗಾಗುತ್ತ ಬಿರಿದು ಹಾಗೆ ಆರು ಮೂಲೆಯ ಕಂಬಗಳಾಗಿವೆ. 2001ರಲ್ಲಿ ಅವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದರು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಈ ಹೆಸರಿಟ್ಟನೆಂದು ಹೇಳುವುದುಂಟು. ತಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಅವನು ಗಂಭೀರವಾಗಿ ಕೇಳಿಸಿಕೊಂಡು, "ಅವನು ಯಾವ ತಿಂಗಳಲ್ಲಿ ಬಂದದ್ದು? ಮೇ ಕಳೆದಿದ್ದರೆ ದೋಣಿ ಇರುತ್ತಿರಲಿಲ್ಲ" ಎಂದ. ಪ್ರಶ್ನೆ ಸರಿಯಾಗಿಯೇ ಇದೆ ಎಂದು ನನಗನ್ನಿಸಿತು. ಇಲ್ಲಿ ಯಾವ ದೊಡ್ಡ ನಾವಿಕನಾದರೂ ಮಳೆಗಾಲದ ಲೆಕ್ಕ ಹಾಕಿಯೇ ಬರಬೇಕು.

ಮಲ್ಪೆ ದಕ್ಕೆಯಲ್ಲಿಯೂ ಅದೇ ಲೆಕ್ಕ ನಡೆಯುತ್ತಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮರಿ ಮಾಡುವ ಕಾಲ, ಕಡಲೂ ಒರಟಾಗುವ ಕಾಲ. ಒಂದೊಂದೇ ಬೋಟು ಮರಳಿ ಬಂದು ಒತ್ತೊತ್ತಾಗಿ ನಿಲ್ಲುತ್ತಿದೆ, ಬಲೆಗಳು ದಂಡೆಯ ಮೇಲೆ ಗುಡ್ಡವಾಗುತ್ತಿವೆ, ದೂರದ ರಾಜ್ಯಗಳಿಂದ ದುಡಿಯಲು ಬಂದವರು ಚೀಲ ಕಟ್ಟಿಕೊಂಡು ಊರಿನ ರೈಲು ಹಿಡಿಯಲು ಹೊರಟಿದ್ದಾರೆ. ಅವರಲ್ಲೊಬ್ಬ ಹುಡುಗ, ನನ್ನದೇ ವಯಸ್ಸು ಇರಬಹುದು, ಮಕ್ಕಳ ಪುಟ್ಟ ಸೈಕಲ್ಲೊಂದನ್ನು ಗೋಣಿಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತಿದ್ದ. ಅದರ ಮುಂದಿನ ಚಕ್ರ ಹೊರಗೆ ಇಣುಕಿ ತಾನಾಗಿಯೇ ತಿರುಗುತ್ತಿತ್ತು. ಆ ಸೈಕಲ್ ಊರು ಮುಟ್ಟುವ ಹೊತ್ತನ್ನು ನೆನೆದು ನಾನು ಸ್ವಲ್ಪ ಹೊತ್ತು ಅಲ್ಲಿಯೇ ನಿಂತೆ. ಅಮ್ಮ ಮಾತ್ರ ನಿಲ್ಲಲಿಲ್ಲ. ಅವಳು ಒಣಸಿಗಡಿ ಮಾರುವವರ ಬಳಿ ಎರಡು ಸೇರಿಗೆ ಚೌಕಾಸಿ ಶುರುಮಾಡಿದ್ದಳು. ಮಳೆಗಾಲಕ್ಕೆ ಒಣಮೀನು ಮನೆಗೆ ಬರದಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ.

ಕಾಪುವಿನ ದೀಪಸ್ತಂಭಕ್ಕೆ ಹೋದದ್ದು ಮೊನ್ನೆ ಸಂಜೆ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ಈ ದೀಪಸ್ತಂಭವನ್ನು ನಾನು ಎಷ್ಟು ಸಲ ಹತ್ತಿದ್ದೇನೋ. ಆದರೂ ಮೇ ಕೊನೆಯ ಕಡಲನ್ನು ಮೇಲಿನಿಂದ ನೋಡುವುದೇ ಬೇರೆ. ಜನವರಿಯಲ್ಲಿ ಅದು ತಟ್ಟೆಯಲ್ಲಿಟ್ಟ ನೀರಿನಂತೆ ಸುಮ್ಮನಿರುತ್ತದೆ. ಈಗ ದೂರದಲ್ಲಿ ಸೀಸದ ಬಣ್ಣ, ನಡುವೆ ಹಸಿರು, ದಡದ ಹತ್ತಿರ ಕೆಸರು ಬೆರೆತ ಕಂದು. ಒಂದೊಂದು ಅಲೆಯೂ ಬಂಡೆಗೆ ಬಡಿದು ಮೇಲೆದ್ದಾಗ ಕೆಳಗಿದ್ದವರೆಲ್ಲ ಒಟ್ಟಿಗೆ ಕೂಗುತ್ತಿದ್ದರು. ಅಪರಿಚಿತರೆಲ್ಲ ಒಂದೇ ಅಲೆಗೆ ಒದ್ದೆಯಾಗಿ ಒಬ್ಬರ ಮುಖ ಒಬ್ಬರು ನೋಡಿ ನಗುವುದು ನನಗೆ ಬಹಳ ಇಷ್ಟ. ಹಿಂತಿರುಗುವಾಗ ಉಡುಪಿಯಲ್ಲಿಳಿದು ಗಡ್‌ಬಡ್ ಐಸ್‌ಕ್ರೀಮ್ ತಿಂದೆವು. ಉದ್ದನೆಯ ಗಾಜಿನ ಲೋಟದ ತಳದಲ್ಲಿರುವ ಜೆಲ್ಲಿಯನ್ನು ಮೊದಲು ತೆಗೆಯಬೇಕೋ ಕೊನೆಗೆ ಉಳಿಸಬೇಕೋ ಎಂಬ ವಾದ ನನಗೂ ತಮ್ಮನಿಗೂ ಬಸ್ ಹತ್ತುವವರೆಗೂ ನಡೆಯಿತು. ಕೊನೆಗೆ ಉಳಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಆಟದ, ಅಂದರೆ ಯಕ್ಷಗಾನದ ಮಾತು. ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು. ಅಲ್ಲಿಗೆ ಭೂತಕೋಲ, ಆಟ, ಜಾತ್ರೆ ಎಲ್ಲಕ್ಕೂ ವಿರಾಮ. ಹಾಗಾಗಿ ಈ ವಾರದ ಆಟಗಳೆಂದರೆ ಊರಿಗೆ ಊರೇ ಸೇರುತ್ತದೆ. ನಮ್ಮ ಮನೆಯಿಂದ ಅರ್ಧ ಗಂಟೆ ನಡೆದರೆ ಸಿಗುವ ಗದ್ದೆಯಲ್ಲಿ ಹರಕೆಯ ಆಟವಿತ್ತು. ಚರುಮುರಿಯವರ ಗ್ಯಾಸ್‌ಲೈಟು, ವೇಷ ಹಾಕುವ ಚೌಕಿಯ ಹಿಂದೆ ಇಣುಕುವ ಮಕ್ಕಳು, ಚಾಪೆ ತಂದು ಮುಂದಿನ ಸಾಲು ಹಿಡಿದ ಅಜ್ಜಿಯಂದಿರು. ಮಹಿಷಾಸುರ ಸಭೆಯ ಹಿಂದಿನಿಂದ ದೊಂದಿಯ ಬೆಂಕಿಯ ನಡುವೆ ಆರ್ಭಟಿಸುತ್ತ ನುಗ್ಗಿದಾಗ ತಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ನಾನು ಅವನ ವಯಸ್ಸಿನಲ್ಲಿ ಅಜ್ಜಿಯ ಸೆರಗು ಹಿಡಿದಿದ್ದೆ. ಚೆಂಡೆಯ ಪೆಟ್ಟು ಬಿಗಿಯಾದಂತೆ ಕಾಲಡಿಯ ಒಣ ಮಣ್ಣೂ ಸಣ್ಣಗೆ ನಡುಗುತ್ತದೆ. ಇನ್ನು ಮೂರು ವಾರ ಕಳೆದರೆ ಇದೇ ಮಣ್ಣಿನಲ್ಲಿ ಮೊಣಕಾಲುದ್ದ ಕೆಸರು, ನೇಜಿಯ, ಅಂದರೆ ಭತ್ತದ ಸಸಿಗಳ ಹಸಿರು. ಅಸುರ ಕುಣಿದ ಜಾಗದಲ್ಲೇ ಅಕ್ಕಿ ಬೆಳೆಯುತ್ತದೆ ಎಂಬುದು ನನಗೆ ಪ್ರತಿವರ್ಷವೂ ಹೊಸ ಸಂಗತಿಯೇ. ಆಟ ಮುಗಿದ ಮೇಲೆ ವೇಷ ಕಳಚುತ್ತಿದ್ದ ಕಲಾವಿದರೊಬ್ಬರು ಬಣ್ಣ ಒರೆಸಿಕೊಳ್ಳುತ್ತ, "ಇನ್ನೆರಡು ಆಟ, ಆಮೇಲೆ ಮನೆಯಲ್ಲಿ ನಿದ್ದೆ" ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಆ ದನಿಯಲ್ಲಿ ದಣಿವೂ ಇತ್ತು, ಬೇಸರವೂ ಇತ್ತು.

ಉಳಿದ ಕೆಲಸಗಳನ್ನು ಹೇಳುತ್ತ ಹೋದರೆ ಮುಗಿಯುವುದಿಲ್ಲ. ಸೌದೆ ಕೊಟ್ಟಿಗೆ ಸೇರಿತು. ಕೊಡೆಗಳ ಕಡ್ಡಿ ರಿಪೇರಿಯಾಯಿತು. ತಮ್ಮನ ಪುಸ್ತಕಗಳಿಗೆ ಬೈಂಡು ಹಾಕಿದ್ದು ನಾನೇ, ಹೊಸ ಪುಸ್ತಕದ ವಾಸನೆಯ ಆಸೆಗೆ ಯಾರಿಗೂ ಬಿಟ್ಟುಕೊಡಲಿಲ್ಲ.

ಇದನ್ನು ಬರೆಯುತ್ತಿರುವಾಗ ರಾತ್ರಿ ಹತ್ತು ಗಂಟೆ. ಎಲ್ಲೋ ಗುಡುಗುತ್ತಿದೆ. ನಾಳೆ ಪತ್ತನಾಜೆ. ಆ ದಿನ ಹತ್ತು ಹನಿಯಾದರೂ ಮಳೆ ಬೀಳಬೇಕು ಎಂಬ ನಂಬಿಕೆ ನಮ್ಮ ಕಡೆ ಇದೆ, ಅಜ್ಜಿ ಅದನ್ನು ಬಿಡುವವರಲ್ಲ. ಅತ್ತ ನಾಳೆಯ ಬಿಸಿಲೂ ಅವರಿಗೆ ಬೇಕು, ಏಕೆಂದರೆ ಕೊನೆಯ ಚಾಪೆಯ ಹಪ್ಪಳಕ್ಕೆ ಇನ್ನೂ ಆ ಗರಗರ ಸದ್ದು ಬಂದಿಲ್ಲ. ಜಗಲಿಗೆ ಬಂದು ಕಂಬ ಹಿಡಿದು ನಿಂತು ಕಿವಿಗೊಟ್ಟರು. ಗುಡುಗು ಪಡುವಣದಿಂದ, ಕಡಲ ಮೊರೆತದ ಜೊತೆ ಬಂದರೆ ಅದು ಮಳೆಗಾಲ, ಮೂಡಣದ ಘಟ್ಟದ ಕಡೆಯಿಂದ ಬಂದರೆ ಇನ್ನೂ ಬೇಸಗೆ ಎಂಬುದು ಅವರ ಲೆಕ್ಕ.

"ಎಲ್ಲಿಯದು ಅಜ್ಜಿ?" ಎಂದು ಕೇಳಿದೆ.

"ಘಟ್ಟದ್ದು" ಎಂದರು. "ಹತ್ತು ಹನಿ ಈಗಲೇ ರಾತ್ರಿಯಲ್ಲಿ ಬಿದ್ದು ಹೋಗಲಿ. ನೀನು ಬೇಗ ಮಲಗು, ಹಿತ್ತಿಲಿನ ಮರದಲ್ಲಿ ಇನ್ನೊಂದು ಕಾಯಿ ಬಲಿತಿದೆ."