ಗಾಡಿಯೊಳಗಿನ ಬೆಂಕಿ ಸಿಲಿಂಡರ್ ಅಲುಗಾಡಬಾರದು

ಪಾಸಿಂಗ್‌ಗೆ (ಗಾಡಿಯ ಫಿಟ್‌ನೆಸ್ ತಪಾಸಣೆಗೆ) ಹೋಗುವ ಹಿಂದಿನ ದಿನ ಬೆಂಕಿ ಆರಿಸುವ ಸಿಲಿಂಡರ್ ತಂದು ಸೀಟಿನ ಕೆಳಗೆ ಉರುಳಿಸಿಬಿಡುವ ರೂಢಿ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಬಹಳ. ಶಾಲೆ ಬಸ್ಸು, ಕ್ರೂಸರ್, ಬಾಡಿಗೆ ಕಾರು, ಎಲ್ಲದರಲ್ಲೂ ಹೀಗೇ. ಕೇಳಿದರೆ "ಐತಲ್ರೀ ಗಾಡ್ಯಾಗ" ಅನ್ನುತ್ತಾರೆ. ಇದ್ದರಷ್ಟೇ ಸಾಲದು. ಬಿಗಿಯಾಗಿ ಕೂರಿಸದ ಸಿಲಿಂಡರು ಬೆಂಕಿ ಆರಿಸುವುದಕ್ಕಿಂತ ಮೊದಲು ಒಳಗೆ ಕೂತವರ ತಲೆ ಒಡೆಯಬಹುದು.

ಲೆಕ್ಕ ಹಾಕಿ ನೋಡಿ. 1 ಕಿಲೋ ಎಬಿಸಿ ಪೌಡರಿನ (ಕಟ್ಟಿಗೆ, ಎಣ್ಣೆ, ಗ್ಯಾಸು ಮೂರೂ ಬೆಂಕಿಗೆ ನಡೆಯುವ ಪುಡಿ) ಸಿಲಿಂಡರು ಡಬ್ಬಿ, ವಾಲ್ವ್ ಸೇರಿ 2 ಕಿಲೋ ಆಸುಪಾಸು ತೂಗುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದ ಗಾಡಿ ಗುದ್ದಿ, ಒಂದು ಸೆಕೆಂಡಿನ ಹತ್ತರಲ್ಲೊಂದು ಪಾಲು ಹೊತ್ತಿನಲ್ಲಿ ನಿಂತಿತು ಅಂದುಕೊಳ್ಳಿ. ಆಗ ಒಳಗಿರುವ ಪ್ರತಿ ವಸ್ತುವೂ ತನ್ನ ತೂಕದ ಸುಮಾರು 14 ಪಟ್ಟು ಜೋರಿನಿಂದ ಮುಂದಕ್ಕೆ ಎಳೆಯುತ್ತದೆ. 2 ಕಿಲೋ ಸಿಲಿಂಡರನ್ನು ಹಿಡಿದಿರುವ ಪಟ್ಟಿ 28 ಕಿಲೋ ಜಗ್ಗನ್ನು ತಡೆಯಬೇಕು. ವೇಗ 100 ಆದರೆ ಸಿಲಿಂಡರಿನಲ್ಲಿರುವ ಶಕ್ತಿ ನಾಲ್ಕು ಪಟ್ಟು. ಅಪಘಾತವೇ ಆಗಬೇಕೆಂದಿಲ್ಲ. ಚೋರ್ಲಾ ಘಾಟಿನ ಇಳಿಜಾರಿನಲ್ಲಿ ಸೀಟಿನ ಕೆಳಗಿನಿಂದ ಉರುಳಿ ಬಂದು ಬ್ರೇಕ್ ಪೆಡಲಿನ ಹಿಂದೆ ಸಿಕ್ಕಿಕೊಂಡರೆ ಅಷ್ಟೇ ಸಾಕು.

ಮೋಟಾರು ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಈ ಫಿಟಿಂಗ್ 25 ಜಿ ತಡೆಯಬೇಕು, ಅಂದರೆ ಸಿಲಿಂಡರಿನ ತೂಕದ 25 ಪಟ್ಟು. ಪಟ್ಟಿಗಳು ಲೋಹದವೇ ಆಗಿರಬೇಕು, ಕನಿಷ್ಠ ಎರಡು ಇರಬೇಕು, ತಟ್ಟನೆ ಬಿಚ್ಚುವಂತಿರಬೇಕು. ನಮ್ಮ ಗಾಡಿಗಳು ರೇಸಿಗೆ ಹೋಗುವುದಿಲ್ಲ, ನಿಜ. ಆದರೆ ಗುದ್ದುವಾಗ ಆಗುವುದು ಅದೇ. ಆದ್ದರಿಂದ ಮನೆ ಕಾರಿಗೂ ಇದೇ ಅಳತೆಗೋಲು ಇಟ್ಟುಕೊಳ್ಳುವುದು ಚಲೋ.

ಸಿಲಿಂಡರಿನ ಜೊತೆ ಡಬ್ಬಿಯಲ್ಲಿ ಬರುವ ಕೊಕ್ಕೆ ಗೋಡೆಗೆ ಮಾಡಿದ್ದು, ಗಾಡಿಗಲ್ಲ. ಎರಡು ಹಂಪ್ ಹಾರಿದರೆ ಸಿಲಿಂಡರು ಕೊಕ್ಕೆಯಿಂದ ಮೇಲಕ್ಕೆದ್ದು ಕಳಚಿ ಬೀಳುತ್ತದೆ. ಪ್ಲಾಸ್ಟಿಕ್ ಕ್ಲಿಪ್ಪು ವಿಜಯಪುರದ ಏಪ್ರಿಲ್, ಮೇ ಬಿಸಿಲಿಗೆ ಒಣಗಿ ಪೆಡಸಾಗುತ್ತದೆ. ಟೈ ಪಟ್ಟಿ, ರಬ್ಬರ್ ಹಗ್ಗ, ಸೀಟಿನ ಹಿಂದಿನ ಜೇಬು ಇವೆಲ್ಲ ಲೆಕ್ಕಕ್ಕೇ ಇಲ್ಲ. ಹೋಸ್ ಕ್ಲಾಂಪ್ ಹಿಡಿಯುವುದೇನೋ ಗಟ್ಟಿ, ಆದರೆ ಬಿಚ್ಚಲು ಸ್ಕ್ರೂಡ್ರೈವರ್ ಬೇಕು. ಹೊಗೆ ತುಂಬಿದ ಗಾಡಿಯಲ್ಲಿ ಅದನ್ನು ಹುಡುಕುವವರು ಯಾರು? ಬೇಕಾದದ್ದು ಲಿವರ್ ಎತ್ತಿದರೆ ಬಿಚ್ಚಿಕೊಳ್ಳುವ ಸ್ಟೀಲ್ ಪಟ್ಟಿಯ ಬ್ರಾಕೆಟ್.

ಜಾಗದ ವಿಷಯ. ಕಾರಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಜಾಗ ಮುಂದಿನ ಎಡ ಸೀಟಿನ ಮುಂಭಾಗ, ನೆಲಕ್ಕೆ ಹತ್ತಿ. ಚಾಲಕ ಕೂತಲ್ಲಿಂದಲೇ ಕೈ ಚಾಚಬಹುದು, ಕೆಳಗಿಳಿದು ಎಡ ಬಾಗಿಲಿನಿಂದಲೂ ತೆಗೆಯಬಹುದು. ಡಿಕ್ಕಿಯಲ್ಲಿ ಇಟ್ಟರೆ ಸಾಮಾನಿನ ಕೆಳಗೆ ಹೂತುಹೋಗುತ್ತದೆ. ಸಿಎನ್‌ಜಿ ಗಾಡಿಯಾದರೆ ಗ್ಯಾಸ್ ಟಾಕಿಯೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಡ್ಯಾಶ್‌ಬೋರ್ಡ್ ಮೇಲೆ ಏರ್‌ಬ್ಯಾಗಿನ ದಾರಿಗೆ ಅಡ್ಡ, ಬಿಸಿಲೂ ನೇರ. ಬಾಗಿಲ ನಡುವಿನ ಕಂಬದಲ್ಲಿ ಬೆಲ್ಟಿನ ಯಂತ್ರ ಇರುತ್ತದೆ, ಅಲ್ಲಿ ಡ್ರಿಲ್ ಹಚ್ಚಲೇಬಾರದು. ಚಾಲಕನ ಕಾಲಿನ ಜಾಗ ಖಾಲಿಯೇ ಇರಲಿ.

ಸೀಟಿನ ಮುಂದಿನ ಎರಡು ಬೋಲ್ಟುಗಳನ್ನೇ ಆಧಾರ ಮಾಡಿಕೊಂಡರೆ ನೆಲಕ್ಕೆ ತೂತು ಹೊಡೆಯುವ ಪ್ರಮೇಯವೇ ಇಲ್ಲ. ಆ ಎರಡು ಬೋಲ್ಟುಗಳ ನಡುವಿನ ಅಂತರವನ್ನು ಮಧ್ಯದಿಂದ ಮಧ್ಯಕ್ಕೆ ಅಳೆದುಕೊಳ್ಳಿ. 40 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಎಂಎಸ್ (ಸಾದಾ ಉಕ್ಕಿನ) ಪಟ್ಟಿ ಸಾಕು, ಸಿಲಿಂಡರಿನ ಬ್ರಾಕೆಟ್ ಇದರ ಮೇಲೆ ಕೂರುತ್ತದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಇದನ್ನು ಕತ್ತರಿಸಿ, ಬಗ್ಗಿಸಿ, ತೂತು ಹೊಡೆದು ಕೊಡುವ ವರ್ಕ್‌ಶಾಪುಗಳಿಗೆ ಬರವಿಲ್ಲ. ಈ ಪಟ್ಟಿಯನ್ನು ಸೀಟಿನ ಕಾಲಿನ ಮೇಲೆ, ಬೋಲ್ಟಿನ ತಲೆಯ ಕೆಳಗೆ ಕೂರಿಸಬೇಕು. ಕಾಲಿಗೂ ನೆಲಕ್ಕೂ ನಡುವೆ ತುರುಕಿದರೆ ಸೀಟು ಮುಂದುಗಡೆ 3 ಮಿ.ಮೀ. ಎದ್ದು, ರೇಲ್ ತಿರುಚಿಕೊಂಡು ಸರಿಯುವುದು ಬಿಗಿಯಾಗುತ್ತದೆ. ಇನ್ನೊಂದು ಸೂಕ್ಷ್ಮವನ್ನು ಬಹಳ ಗ್ಯಾರೇಜಿನವರು ಬಿಡುತ್ತಾರೆ. 3 ಮಿ.ಮೀ. ಪಟ್ಟಿ ಸೇರಿದ ಮೇಲೆ ಬೋಲ್ಟು ಒಳಗೆ ಹಿಡಿಯುವ ಚೂಡಿ (ಥ್ರೆಡ್) ಅಷ್ಟೇ ಕಡಿಮೆ ಆಗುತ್ತದೆ. ಬೋಲ್ಟಿನ ದಪ್ಪ ಎಷ್ಟೋ ಕನಿಷ್ಠ ಅಷ್ಟು ಉದ್ದ ಚೂಡಿ ಹಿಡಿದಿರಬೇಕು. ಕಡಿಮೆ ಬಿದ್ದರೆ ಅದೇ ಗ್ರೇಡಿನ, ಅದೇ ಚೂಡಿಯ ಉದ್ದನೆಯ ಬೋಲ್ಟು ಹಾಕಬೇಕು. ಗ್ರೇಡು ಬೋಲ್ಟಿನ ತಲೆಯ ಮೇಲೇ ಬರೆದಿರುತ್ತದೆ. ಇದು ಸೀಟನ್ನೇ ಹಿಡಿದಿರುವ ಬೋಲ್ಟು, ಅಂಗಡಿಯ ಸಾದಾ ಬೋಲ್ಟು ನಡೆಯುವುದಿಲ್ಲ. ಬಿಗಿ ಎಷ್ಟಿರಬೇಕೆಂದು ಗಾಡಿಯ ಸರ್ವಿಸ್ ಪುಸ್ತಕ ಹೇಳುತ್ತದೆ, ಟಾರ್ಕ್ ರೆಂಚಿನಿಂದ ಅಷ್ಟೇ ಬಿಗಿ ಮಾಡಿ. ಸೀಟಿನ ಕೆಳಗೆ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಅದನ್ನು ಎಳೆಯಬೇಡಿ, ಪಟ್ಟಿಯ ಅಡಿ ಸಿಕ್ಕಿಸಲೂ ಬೇಡಿ.

ಸಿಲಿಂಡರು ಗಾಡಿಗೆ ಅಡ್ಡಲಾಗಿ ಮಲಗಲಿ. ಮೂತಿ ಮುಂದಕ್ಕೆ ಮಾಡಿ ಉದ್ದಕ್ಕೆ ಮಲಗಿಸಿದರೆ, ಗುದ್ದಿದಾಗ ಪಟ್ಟಿಯೊಳಗಿನಿಂದ ಜಾರಿ ಬಾಣದ ಹಾಗೆ ಹೊರಬೀಳುತ್ತದೆ. ಅಡ್ಡಲಾಗಿ ಇಟ್ಟರೂ ಎರಡೂ ತುದಿಗೆ ಬ್ರಾಕೆಟ್ಟಿನಲ್ಲೇ ಬಗ್ಗಿಸಿದ ಒಂದೊಂದು ತಡೆ ಇರಲಿ. ಪಟ್ಟಿಗಳು ಡಬ್ಬಿಯ ಮೈಮೇಲೆ ಕೂರಬೇಕು, ವಾಲ್ವಿನ ಕುತ್ತಿಗೆಯ ಮೇಲೆ ಭಾರ ಬೀಳಬಾರದು. ನಡುವೆ 2 ಮಿ.ಮೀ. ರಬ್ಬರ್ ಪಟ್ಟಿ ಹಾಕಿ. ಇಲ್ಲದಿದ್ದರೆ ಲೋಹಕ್ಕೆ ಲೋಹ ಉಜ್ಜಿ ಬಣ್ಣ ಹೋಗಿ, ಒತ್ತಡ ತುಂಬಿದ ಡಬ್ಬಿಗೇ ತುಕ್ಕು ಹಿಡಿಯುತ್ತದೆ. ಒತ್ತಡದ ಮೀಟರು ಮತ್ತು ತಾರೀಖಿನ ಚೀಟಿ ಕಣ್ಣಿಗೆ ಕಾಣುವಂತಿರಲಿ. ಡಬ್ಬಿಗೆ ವೆಲ್ಡಿಂಗ್ ಟಾಕಾ ಹಾಕುವುದಂತೂ ಜೀವಕ್ಕೇ ಅಪಾಯ. ಎಲ್ಲ ಆದ ಮೇಲೆ ಸೀಟನ್ನು ಪೂರಾ ಹಿಂದೆ ಮುಂದೆ ಸರಿಸಿ ನೋಡಿ, 15 ಮಿ.ಮೀ. ಆದರೂ ಜಾಗ ಉಳಿಯಬೇಕು.

ಬಸ್ಸು, ಕ್ರೂಸರಿನಂಥ ಗಾಡಿಯಲ್ಲಿ ನೆಲಕ್ಕೇ ಕೂರಿಸಬೇಕಾದರೆ ಸೆಲ್ಫ್ ಸ್ಕ್ರೂ ಬೇಡ. ತೆಳು ಪತ್ರಾದಲ್ಲಿ ಅದು ಹಿಡಿಯುವುದೇ ಒಂದೆರಡು ಚೂಡಿ, ಜಗ್ಗಿದರೆ ಪತ್ರಾ ಹರಿದುಕೊಂಡು ಬರುತ್ತದೆ. 8.8 ಗ್ರೇಡಿನ ಎಂ6 ಬೋಲ್ಟು ನಾಲ್ಕು, ಕೆಳಗಡೆ ಪ್ರತಿಯೊಂದಕ್ಕೂ 40 ಮಿ.ಮೀ. ಚೌಕದ 3 ಮಿ.ಮೀ. ಪ್ಲೇಟು, ಆ ಪ್ಲೇಟಿನ ಮೇಲೆ ನೈಲಾಕ್ ನಟ್ಟು (ನಡುಕಕ್ಕೆ ಸಡಿಲಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್ಟು). ಡ್ರಿಲ್ ಹಚ್ಚುವ ಮೊದಲು ಗಾಡಿ ಎತ್ತಿ ಕೆಳಗಿನಿಂದ ನೋಡಲೇಬೇಕು. ಡೀಸೆಲ್ ಪೈಪು, ಬ್ರೇಕ್ ಪೈಪು, ವೈರಿಂಗ್ ಎಲ್ಲ ಅಲ್ಲೇ ಹಾದಿರುತ್ತವೆ. ಕರೆಂಟ್ ಕಾರಿನ ನೆಲದಡಿ ಬ್ಯಾಟರಿ ಇರುವುದರಿಂದ ಅದಕ್ಕೆ ಡ್ರಿಲ್ ಮುಟ್ಟಿಸುವ ಮಾತೇ ಇಲ್ಲ. ಹೊಡೆದ ತೂತಿನ ಅಂಚಿಗೆ ಜಿಂಕ್ ಪ್ರೈಮರ್ ಬಳಿದು, ಸೀಲಂಟ್ ಹಚ್ಚಿ.

ಕಳ್ಳತನದ ಹೆದರಿಕೆಗೆ ಸಿಲಿಂಡರಿಗೆ ಸರಪಳಿ ಬಿಗಿದು ಕೀಲಿ ಹಾಕಿರುವ ಬಸ್ಸುಗಳಿವೆ. ಕೀಲಿಕೈ ಮಾಲಕರ ಮನೆಯಲ್ಲಿ! ಮಕ್ಕಳು ಕೂರುವ ಬಸ್ಸಿನಲ್ಲಿ ಇದನ್ನು ನೋಡಿದರೆ ಸಿಟ್ಟು ಬರುತ್ತದೆ. ಕೈಯಿಂದ ಎಳೆದರೆ ಕಡಿಯುವ ತೆಳು ಸೀಲು ಹಾಕಿ, ಮುಟ್ಟಿದ್ದು ಗೊತ್ತಾದರೆ ಸಾಕು. ಪಾಸಿಂಗ್ ಮಾಡುವವರೂ ಸಿಲಿಂಡರ್ ಇದೆಯೋ ಇಲ್ಲವೋ ಎಂದಷ್ಟೇ ನೋಡದೆ, ಹಿಡಿದು ಒಮ್ಮೆ ಜೋರಾಗಿ ಜಗ್ಗಿ ನೋಡಬೇಕು, ಆಮೇಲೆ ಚಾಲಕನ ಕೈಯಲ್ಲೇ ಬಿಚ್ಚಿಸಬೇಕು. ಒಂದೇ ಕೈಯಲ್ಲಿ ಐದು ಸೆಕೆಂಡಿನೊಳಗೆ ಹೊರಬರದಿದ್ದರೆ ಆ ಫಿಟಿಂಗ್ ಫೇಲ್.

ಟ್ರ್ಯಾಕ್ಟರಿನವರು ಇದನ್ನು ಇನ್ನೂ ಗಂಭೀರವಾಗಿ ತಗೋಬೇಕು. ಕಬ್ಬಿನ ಹಂಗಾಮಿನಲ್ಲಿ ಒಣ ರವದಿ (ಕಬ್ಬಿನ ಸೋಗೆ) ಸೈಲೆನ್ಸರಿನ ಸುತ್ತ ಸಿಕ್ಕಿಕೊಳ್ಳುತ್ತದೆ, ಕಿಡಿ ಹತ್ತಲು ಹೊತ್ತು ಬೇಡ. ಸಿಲಿಂಡರನ್ನು ಸೈಲೆನ್ಸರಿನಿಂದ ದೂರ, ಚಾಲಕನ ಪಕ್ಕದ ಮಡ್‌ಗಾರ್ಡಿನ ಒಳಮೈಗೆ ಹಿಂದೆ ಪ್ಲೇಟು ಕೊಟ್ಟು ಕೂರಿಸಿ. ಎರಿ ಮಣ್ಣಿನ ಧೂಳು ಮೂತಿಯೊಳಗೆ ಹೋಗದಂತೆ ಮೇಲೊಂದು ಚೀಲ ಹಾಕಿ. ಟ್ರ್ಯಾಕ್ಟರಿನ ನಡುಕಕ್ಕೆ ಒಳಗಿನ ಪೌಡರು ತಳಕ್ಕೆ ಅಮುಕಿ ಗಟ್ಟಿಯಾಗುತ್ತದೆ. ಮೀಟರು ಹಸಿರಿನಲ್ಲೇ ಇದ್ದರೂ ಒತ್ತಿದಾಗ ಬರೀ ಗಾಳಿ ಬರಬಹುದು. ತಿಂಗಳಿಗೊಮ್ಮೆ ಸಿಲಿಂಡರನ್ನು ಬ್ರಾಕೆಟ್ಟಿನಿಂದ ಹೊರತೆಗೆದು, ನಾಲ್ಕೈದು ಸಲ ತಲೆಕೆಳಗು ಮಾಡಿ, ಪೌಡರು ಒಳಗೆ ಸರಿಯುವುದು ಕೈಗೆ ತಿಳಿಯುತ್ತದೋ ನೋಡಿ. ತಿಳಿಯದಿದ್ದರೆ ರೀಫಿಲ್ ಮಾಡುವವರಿಗೆ ಕೊಡಿ.

ಫಿಟಿಂಗ್ ಮುಗಿದ ದಿನವೇ ಪ್ರತಿ ನಟ್ಟಿನಿಂದ ಪ್ಲೇಟಿನ ಮೇಲಕ್ಕೆ ಬಿಳಿ ಪೇಂಟಿನ ಒಂದು ನೇರ ಗೆರೆ ಎಳೆಯಿರಿ. ಮೊದಲ ವಾರ ಕೆಟ್ಟ ರಸ್ತೆಯಲ್ಲಿ ಓಡಿಸಿ ಬಂದ ಮೇಲೆ ಗೆರೆ ಮುರಿದು ಕಂಡರೆ ನಟ್ಟು ತಿರುಗಿದೆ ಎಂದರ್ಥ. ಅದನ್ನೇ ಬಿಗಿ ಮಾಡಿ ಬಿಡಬೇಡಿ, ಹೊಸ ನೈಲಾಕ್ ಹಾಕಿ. ಒಮ್ಮೆ ಬಿಚ್ಚಿದ ನೈಲಾಕಿನ ಹಿಡಿತ ಮೊದಲಿನಷ್ಟು ಇರುವುದಿಲ್ಲ.