ಪುಸ್ತಕ ಕೊಟ್ಟು ಶಾಲು ಕೊಂಡ ಕಥೆ

ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಪುಸ್ತಕಗಳನ್ನು ಏನು ಮಾಡೋದು ಅಂತ ಮನೆಯಲ್ಲಿ ಮೂರು ಸಭೆ ಆಯಿತು. ಮೊದಲ ಸಭೆಯಲ್ಲಿ ಎಲ್ಲರೂ "ನನಗೆ ಬೇಕು" ಅಂದರು. ಎರಡನೆಯದರಲ್ಲಿ "ಮನೆಯಲ್ಲಿ ಜಾಗ ಎಲ್ಲಿದೆ" ಅಂದರು. ಮೂರನೆಯದಕ್ಕೆ ಯಾರೂ ಬರಲಿಲ್ಲ.

ಚಿಕ್ಕಮ್ಮ ನನ್ನನ್ನು ಕರೆದರು. "ನೋಡಪ್ಪಾ, ಯೂನಿವರ್ಸಿಟಿ ಲೈಬ್ರರಿಗೆ ಕೊಟ್ಟುಬಿಡು. ನಾಲ್ಕು ಮಕ್ಕಳು ಓದ್ತಾರೆ. ಇಲ್ಲಾಂದ್ರೆ ಭಾನುವಾರ ರದ್ದಿಯವನು ಬಂದಾಗ ತೂಕಕ್ಕೆ ಹಾಕಿಬಿಡ್ತೀನಿ."

ಚಿಕ್ಕಪ್ಪ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವರು. ನಿಘಂಟು, ಶಾಸನ ಸಂಪುಟ, ಹಳಗನ್ನಡ ಕಾವ್ಯ, ಅಂಚಿನ ತುಂಬ ಪೆನ್ಸಿಲ್ ಟಿಪ್ಪಣಿ. ಒಟ್ಟು ಹದಿನಾಲ್ಕು ರಟ್ಟಿನ ಡಬ್ಬ ಆಯಿತು. ಲೈಬ್ರರಿಗೆ ಫೋನ್ ಮಾಡಿದೆ. ಯಾವ ಪುಸ್ತಕ ಅಂತ ಕೇಳಲಿಲ್ಲ, ಎಷ್ಟಿವೆ ಅಂತಲೂ ಕೇಳಲಿಲ್ಲ.

"ನಿಮ್ಮ ಕಡೆಯಿಂದ ಎಷ್ಟು ಜನ ಬರ್ತೀರಿ ಸಾರ್?"

"ಎಲ್ಲಿಗೆ?"

"ಹಸ್ತಾಂತರ ಕಾರ್ಯಕ್ರಮಕ್ಕೆ."

ಡಬ್ಬ ಇಳಿಸೋಕೆ ಇಬ್ಬರು ಸಾಕು ಅಂದುಕೊಂಡಿದ್ದವನು ನಾನು. ಕಾರ್ಯಕ್ರಮ ಇಲ್ಲದೆ ದಾನ ತೆಗೆದುಕೊಳ್ಳೋ ಪದ್ಧತಿ ಅಲ್ಲಿ ಇಲ್ಲವಂತೆ. ಕುಲಪತಿಗಳ ಡೇಟ್ ಸಿಗಬೇಕು, ಫ್ಲೆಕ್ಸ್ ಆಗಬೇಕು, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಆಗಬೇಕು.

"ಶಾಲು ಯಾರಿಗೆ?" ಅಂದೆ.

"ನಿಮಗೇ ಸಾರ್. ದಾನಿಗೆ ಸನ್ಮಾನ."

"ದುಡ್ಡು ಯಾರದ್ದು?"

"ಅದೂ ನಿಮ್ಮದೇ ಸಾರ್. ದಾನಿ ಅಲ್ವಾ."

ಹೀಗೆ ನನಗೆ ನಾನೇ ಹೊದ್ದುಕೊಳ್ಳೋಕೆ ಶಾಲು ಕೊಂಡೆ. ಅಂಗಡಿಯವನು ಯಾರಿಗೆ ಅಂತ ಕೇಳಿದ. "ಒಬ್ಬ ದೊಡ್ಡ ಮನುಷ್ಯರಿಗೆ" ಅಂದೆ. ಇನ್ನೂರು ರೂಪಾಯಿ ಜಾಸ್ತಿಯದ್ದೇ ತೋರಿಸಿದ.

ಕಾರ್ಯಕ್ರಮದ ದಿನ ವೇದಿಕೆ ಮೇಲೆ ಹನ್ನೊಂದು ಕುರ್ಚಿ. ಕೆಳಗೆ ಹಾಜರಿ ಕೊಡ್ತೀವಿ ಅಂತ ಕರೆತಂದ ಎನ್ನೆಸ್ಸೆಸ್ ಹುಡುಗರು. ಹಿಂದಿನ ವಾರ ಅದೇ ವೇದಿಕೆಯಲ್ಲಿ ರಕ್ತದಾನ ಮಹಾದಾನ ಆಗಿತ್ತಂತೆ. ಬ್ಯಾನರ್ ಹಾಳು ಮಾಡೋದು ಯಾಕೆ ಅಂತ 'ರಕ್ತ'ದ ಮೇಲೆ 'ಪುಸ್ತಕ' ಅಂಟಿಸಿದ್ದರು. ಕೆಳಗಡೆ ಮೂಲೆಯಲ್ಲಿ ಕೆಂಪು ಹನಿಯೊಂದು ಹಾಗೇ ಉಳಿದಿತ್ತು.

ನೆನಪಿರಬಹುದು, 2021ರ ಆಗಸ್ಟ್‌ನಲ್ಲಿ ನಮ್ಮ ಸರ್ಕಾರ ಒಂದು ಸುತ್ತೋಲೆ ಹೊರಡಿಸಿತ್ತು. ಸರ್ಕಾರಿ ಸಭೆ ಸಮಾರಂಭಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಕೊಡೋದಿದ್ದರೆ ಕನ್ನಡ ಪುಸ್ತಕ ಕೊಡಿ ಅಂತ. ಸಂಘಟಕರಿಗೆ ಅದು ಚೆನ್ನಾಗಿ ನೆನಪಿತ್ತು. ಹಾರ, ಶಾಲು, ಬುಟ್ಟಿ ಎಲ್ಲ ಮುಗಿದ ಮೇಲೆ ಸುತ್ತೋಲೆಯನ್ನೂ ಪಾಲಿಸೋಣ ಅಂತ ಮುಖ್ಯ ಅತಿಥಿಗಳಿಗೆ ಒಂದು ಪುಸ್ತಕ ಕೊಟ್ಟರು. ನಾನು ಪಕ್ಕದಲ್ಲೇ ಕೂತಿದ್ದೆ. ಅತಿಥಿಗಳು ಸುಮ್ನೆ ಮೊದಲ ಪುಟ ತಿರುಗಿಸಿದರು. ಅಲ್ಲಿ ನೀಲಿ ಶಾಯಿಯಲ್ಲಿ ಚಿಕ್ಕಪ್ಪನ ಸಹಿ. ಕೆಳಗೆ 'ಗಾಂಧಿ ಬಜಾರ್, 1974'. ನನ್ನ ಮೂರನೇ ಡಬ್ಬದಿಂದ ತೆಗೆದಿದ್ದರು.

ಇಡೀ ದಿನದಲ್ಲಿ ಓದುಗರೊಬ್ಬರ ಕೈಗೆ ತಲುಪಿದ ಪುಸ್ತಕ ಅದೊಂದೇ. ಅದಕ್ಕೆ ನಾನು ತಕರಾರು ಮಾಡಲಿಲ್ಲ.

ಅವತ್ತು ಇನ್ನೊಬ್ಬ ದಾನಿಯೂ ಇದ್ದರು. ಗಾಜಿನ ಬಾಗಿಲಿನ ಎರಡು ಸ್ಟೀಲ್ ಬೀರು ಕೊಟ್ಟಿದ್ದರು. ಗಾಜಿನ ಮೇಲೆ ಅವರ ಹೆಸರು, ಅವರ ತಂದೆಯ ಹೆಸರು, ಊರು, ವ್ಯಾಪಾರ, ಮೊಬೈಲ್ ನಂಬರ್. ಸ್ಟಿಕ್ಕರ್ ಎಷ್ಟು ದೊಡ್ಡದು ಅಂದರೆ ಒಳಗಿರೋ ಪುಸ್ತಕದ ಬೆನ್ನು ಕಾಣೋದಿಲ್ಲ. ಹಾಗಾದರೆ ಗಾಜು ಯಾಕೆ ಅಂತ ನೀವು ಕೇಳಬಹುದು. ತಗಡಿನ ಮೇಲೆ ಸ್ಟಿಕ್ಕರ್ ಅಷ್ಟು ಚೆನ್ನಾಗಿ ಕೂರೋದಿಲ್ಲವಂತೆ.

ಮನೆಗೆ ಬಂದ ಮೇಲೆ ಲೆಕ್ಕಪತ್ರ ನೋಡೋ ನಮ್ಮ ಭಾವ ಕೇಳಿದರು, "80ಜಿ ರಸೀದಿ ತಗೊಂಡ್ಯಾ?" ಇಲ್ಲ ಅಂದೆ. ನಕ್ಕರು. "ತಗೊಂಡಿದ್ರೂ ಉಪಯೋಗ ಇಲ್ಲ ಬಿಡು. ತೆರಿಗೆ ವಿನಾಯಿತಿ ದುಡ್ಡು ಕೊಟ್ಟವರಿಗೆ. ಪುಸ್ತಕ, ಅಕ್ಕಿ, ಕಂಬಳಿ ಕೊಟ್ಟವರಿಗೆ ಇಲ್ಲ. ಅದನ್ನೆಲ್ಲ ರದ್ದಿಗೆ ಹಾಕಿ, ಬಂದ ದುಡ್ಡನ್ನ ಲೈಬ್ರರಿಗೆ ಕೊಡಬೇಕಿತ್ತು ಕಣಯ್ಯಾ." ಒಂದು ಕ್ಷಣ ಯೋಚಿಸಿ, "ನಗದಾಗಿ ಎರಡು ಸಾವಿರ ದಾಟಬಾರದು. ಮತ್ತೆ ನೀನು ಹೊಸ ತೆರಿಗೆ ಪದ್ಧತಿಗೆ ಹೋಗಿದ್ರೆ ಅದೂ ಇಲ್ಲ" ಅಂದರು. ನಾನು ಹೋಗಿದ್ದೆ.

ಎಂಟು ತಿಂಗಳ ನಂತರ ಆ ಕಡೆ ಕೆಲಸ ಇತ್ತು. ಚಿಕ್ಕಪ್ಪನ ಪುಸ್ತಕ ನೋಡಿಕೊಂಡು ಬರೋಣ ಅಂತ ಹೋದೆ. ಹುಡುಕೋ ಕಷ್ಟವೇ ಆಗಲಿಲ್ಲ. ಹದಿನಾಲ್ಕೂ ಡಬ್ಬ ಮೆಟ್ಟಿಲ ಕೆಳಗೆ, ನಾನು ಕಟ್ಟಿದ ಅದೇ ದಾರದಲ್ಲಿ, ಭದ್ರವಾಗಿ ಇದ್ದವು.

ಗ್ರಂಥಪಾಲಕರು ಒಳ್ಳೆಯವರು. ಟೀ ತರಿಸಿದರು. "ಬೇಜಾರು ಮಾಡ್ಕೋಬೇಡಿ ಸಾರ್. ಸೀಲ್ ಹೊಡೀಬೇಕು, ರಿಜಿಸ್ಟರಿಗೆ ಹತ್ತಿಸಬೇಕು, ವರ್ಗೀಕರಣ ಮಾಡಬೇಕು, ಬೆನ್ನಿಗೆ ಚೀಟಿ ಅಂಟಿಸಬೇಕು. ಇರೋದು ನಾನು, ಹೊರಗುತ್ತಿಗೆ ಹುಡುಗಿ ಒಬ್ಬಳು. ನಂಬರ್ ಬೀಳೋವರೆಗೂ ಅದು ಪುಸ್ತಕ ಅಲ್ಲ ಸಾರ್, ಸಾಮಾನು."

"ನಂಬರ್ ಬಿದ್ದ ಮೇಲೆ?"

"ಬಿದ್ದ ಮೇಲೆ ಆಸ್ತಿ. ಕಳೆದರೆ ನನ್ನ ತಲೆಗೆ."

ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮಗಳಲ್ಲಿ ಇದಕ್ಕೊಂದು ದಾರಿ ಇದೆ. ವರ್ಷದಲ್ಲಿ ಓದುಗರ ಕೈಗೆ ಹೋದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ, ಅದರಲ್ಲಿ ಮೋಸವೋ ಅಸಡ್ಡೆಯೋ ಇಲ್ಲದಿದ್ದರೆ, ಸಹಜ ಅಂತ ಬಿಡಬಹುದು. ಸಾವಿರ ರೂಪಾಯಿ ಮೀರಿದ್ದು ಅಥವಾ ಅಪರೂಪದ್ದು ಕಳೆದರೆ ತನಿಖೆ ಆಗಲೇಬೇಕು. ನಾನು ಇದನ್ನು ಹುಮ್ಮಸ್ಸಿನಿಂದ ಹೇಳಿದೆ. ಅವರು ಟೀ ಲೋಟ ಕೆಳಗಿಟ್ಟರು. "ಅದು ಸೆಂಟ್ರಲ್‌ನವರಿಗೆ ಸಾರ್. ಇಲ್ಲಿಗೂ ಹಾಗೇ ಅಂತ ಇಟ್ಕೊಳ್ಳೋಣ. ಸಾವಿರ ಕೊಟ್ಟರೆ ಐದು ಹೋಗಬಹುದು. ನೂರು ಕೊಟ್ಟರೆ ಅರ್ಧ ಪುಸ್ತಕ. ಒಂದೂ ಕೊಡದೇ ಇದ್ದರೆ?"

ಲೆಕ್ಕ ಸರಿಯಾಗಿಯೇ ಇತ್ತು.

ಅವರ ತಲೆಯ ಮೇಲೆ, ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅನ್ನಿಸಿಕೊಂಡ ಎಸ್.ಆರ್. ರಂಗನಾಥನ್ ಅವರ ಫೋಟೋ. ಅವರ ಜಯಂತಿ ಅಂತ ಪ್ರತಿ ವರ್ಷ ಆಗಸ್ಟ್ 12ಕ್ಕೆ ಹಾಕೋ ಹಾರ ಒಣಗಿ ತಂತಿಯಾಗಿತ್ತು. 'ಪುಸ್ತಕ ಇರೋದು ಬಳಸೋಕೆ' ಅನ್ನೋದು ಅವರು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದು. ಆ ಸಾಲನ್ನು ಚೆಂದದ ಅಕ್ಷರದಲ್ಲಿ ಬರೆಸಿ ಬೀಗ ಹಾಕಿದ ಬೀರುವಿನ ಪಕ್ಕ ತೂಗುಹಾಕಿದ್ದರು. ಇದೇ ರಂಗನಾಥನ್ 1950ರ ದಶಕದಲ್ಲಿ ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಕಟ್ಟಡಕ್ಕಲ್ಲ, ಬೀರುವಿಗಲ್ಲ. ಗ್ರಂಥಾಲಯ ವಿಜ್ಞಾನ ಕಲಿಸೋ ಒಬ್ಬ ಪ್ರಾಧ್ಯಾಪಕರ ಪೀಠಕ್ಕೆ. ಅಂದರೆ ಒಬ್ಬ ಮನುಷ್ಯನ ಕೆಲಸಕ್ಕೆ. ಹೆಸರು ಸೇರಿಸಿದ್ದೂ ಹೆಂಡತಿ ಶಾರದಾ ಅವರದ್ದು.

"ನಿಮಗೆ ನಿಜವಾಗಿ ಏನು ಬೇಕು?" ಅಂತ ಕೇಳಿದೆ.

"ಇಬ್ಬರು ಹುಡುಗರಿಗೆ ಒಂದು ವರ್ಷದ ಸಂಬಳ. ಗೆದ್ದಲು ಔಷಧಿ. ಒಂದಷ್ಟು ಬೈಂಡಿಂಗು. ರಾತ್ರಿ ಹತ್ತರವರೆಗೆ ಕರೆಂಟು."

"ದಾನಿಗಳನ್ನ ಕೇಳಬಹುದಲ್ಲ?"

"ಕೇಳಿದೀನಿ ಸಾರ್. ಅದರ ಮೇಲೆ ನಮ್ಮ ಹೆಸರು ಎಲ್ಲಿ ಬರೆಸ್ತೀರಿ ಅಂತಾರೆ. ಆ ಹುಡುಗಿ ಹಣೆ ಮೇಲೆ ಬರೆಸೋಕಾಗುತ್ತಾ?"

ನನಗೆ ಮೈಸೂರಿನ ಕಥೆ ನೆನಪಾಯಿತು. ತಂಜಾವೂರು ಕಡೆಯ ಒಬ್ಬ ಪಂಡಿತರು ಅಲ್ಲಿನ ಓರಿಯಂಟಲ್ ಲೈಬ್ರರಿಗೆ ತಾಳೆಗರಿಯ ಕಟ್ಟೊಂದನ್ನು ಕೊಟ್ಟುಹೋಗಿದ್ದರು. 1905ರಲ್ಲಿ ಅಲ್ಲಿನ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅಚ್ಚಾಯಿತು, ಲೋಕಕ್ಕೆಲ್ಲ ಗೊತ್ತಾಯಿತು. ಆ ಲೈಬ್ರರಿ ಮುಂದೆ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತು. ನಮ್ಮ ನಾಡಿನ ಲೈಬ್ರರಿಗಳಿಗೆ ಬಂದ ದಾನಗಳಲ್ಲಿ ಅದಕ್ಕಿಂತ ದೊಡ್ಡದು ಇದ್ದೀತಾ? ಶಾಸ್ತ್ರಿಗಳ ಮುನ್ನುಡಿಯಲ್ಲಿ ಕೊಟ್ಟವರು 'ತಂಜಾವೂರು ಜಿಲ್ಲೆಯ ಒಬ್ಬ ಪಂಡಿತ' ಅಷ್ಟೇ. ಪಾಪ, ಪೇಟ ಇಲ್ಲ, ಫ್ಲೆಕ್ಸ್ ಇಲ್ಲ. ಆದರೆ ಕಟ್ಟು ಬಿಚ್ಚೋಕೆ ಅಲ್ಲಿ ಒಬ್ಬರು ಇದ್ದರು, ಸಂಬಳಕ್ಕೆ.

ಆ ಪಂಡಿತರು ಇವತ್ತು ಬಂದಿದ್ದರೆ ಮೊದಲು ಮೂರು ಪ್ರತಿಯಲ್ಲಿ ಪಟ್ಟಿ ಕೊಡಬೇಕಿತ್ತು. ಆಮೇಲೆ ಶಾಲು ತರಬೇಕಿತ್ತು. ಆಮೇಲೆ ತಾಳೆಗರಿ, ನನ್ನ ಡಬ್ಬಗಳ ಪಕ್ಕ.

ಹೊರಡುವಾಗ ಮತ್ತೆ ಮೆಟ್ಟಿಲ ಕೆಳಗೆ ನೋಡಿದೆ. ಓದೋ ಕೋಣೆಯಲ್ಲಿ ಕುರ್ಚಿ ಸಾಲದೆ ಒಬ್ಬ ಹುಡುಗ ಅಲ್ಲಿ ಬಂದು ಕೂತಿದ್ದ. ಎರಡು ಡಬ್ಬ ಕೆಳಗೆ, ಒಂದು ಬೆನ್ನಿಗೆ. ಕೈಯಲ್ಲಿ ಪಿಡಿಒ ಪರೀಕ್ಷೆಯ ಗೈಡು. ನಾನು ನಿಂತಿದ್ದು ಅವನಿಗೆ ಗೊತ್ತೇ ಆಗಲಿಲ್ಲ, ಅಷ್ಟು ಮುಳುಗಿಹೋಗಿದ್ದ.

ಅಷ್ಟರಲ್ಲಿ ಚಿಕ್ಕಮ್ಮನ ಫೋನ್. "ಹೋಗಿದ್ಯಾ ಲೈಬ್ರರಿಗೆ? ಯಾರಾದ್ರೂ ಓದ್ತಿದಾರಾ?"

"ಓದ್ತಿದಾನೆ ಚಿಕ್ಕಮ್ಮ. ಒಬ್ಬ ಹುಡುಗ. ಚಿಕ್ಕಪ್ಪನ ಪುಸ್ತಕದ ಮೇಲೇ ಕೂತುಬಿಟ್ಟಿದಾನೆ, ಅಲ್ಲಾಡ್ತಿಲ್ಲ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು, "ಅವನಿಗೊಂದು ಕಾಫಿ ಕೊಡಿಸಿ ಬಾ" ಅಂದರು.